ಬಾಲನ ಅಕ್ಕ

“ಮೊದಲಿಂದ ಹೇಳು ಪುಟ್ಟಾ,” ಅಂದರು ಪಾಸ್ಟರಮ್ಮ.

“ಹೇಳಿದ್ನಲ್ಲ ಆಂಟಿ! ತಮ್ಮನ ಕೈ ಬಿಟ್ಟೆ. ಬಸ್ಸು ಬಂತು. ಮುಗೀತು.”

ಚರ್ಚಿನ ಹಿಂದಿನ ಕೋಣೆ. ಬಟ್ಟೆ ಹೊದ್ದ ಕೀಬೋರ್ಡು, ಒಂದರ ಮೇಲೊಂದು ಪೇರಿಸಿದ ಸಂಡೆ ಸ್ಕೂಲ್ ಸ್ಟೂಲುಗಳು. ದುಃಖದಲ್ಲಿದ್ದವರು ಬಂದರೆ ಪಾಸ್ಟರಮ್ಮ ಇಲ್ಲೇ ಕೂರಿಸಿಕೊಂಡು ಅವರ ಕತೆ ಕೇಳುತ್ತಿದ್ದರು.

ಹುಡುಗಿಯ ಅಮ್ಮ ಹೊರಗೆ ಕಾಯುತ್ತಿದ್ದಳು. ತಮ್ಮ ಸತ್ತ ದಿನದಿಂದ ಅಮ್ಮನ ಬಾಯಲ್ಲಿ “ಊಟ ಮಾಡು”, “ಮಲಗು”, ಇಷ್ಟೇ ಮಾತು. ಶಾಲೆಯಲ್ಲಂತೂ ಹಿಂದಿನ ಬೆಂಚಿನವರು ಹುಡುಗಿಗೆ ಹೊಸ ಹೆಸರಿಟ್ಟಿದ್ದರು: ಕೈಬಿಟ್ಟೋಳು. ಈಗೀಗ ಹಾಗೆ ಕರೆದರೂ ಅವಳು ತಿರುಗಿ ನೋಡುತ್ತಿದ್ದಳು.

“ಯೇಸುಸ್ವಾಮಿಗೆ ಎಲ್ಲಾ ಗೊತ್ತಲ್ವಾ? ಮತ್ತೆ ನಾನ್ಯಾಕೆ ಹೇಳ್ಬೇಕು?”

“ಗೊತ್ತಿದ್ರೂ, ದಾರೀಲಿ ಮುಖ ಬಾಡಿಸ್ಕೊಂಡು ಹೋಗ್ತಿದ್ದ ಇಬ್ಬರನ್ನ ಸ್ವಾಮಿ ‘ಏನಾಯ್ತು?’ ಅಂತ ಕೇಳಿದ್ರಂತೆ, ಬೈಬಲಲ್ಲಿದೆ. ಪೂರ್ತಿ ಹೇಳೋ ತನಕ ಜೊತೇಲೇ ನಡೆದ್ರಂತೆ. ಅವತ್ತು ಬೆಳಿಗ್ಗೆ ತಮ್ಮ ಏನು ಮಾಡ್ತಿದ್ದ?”

ಇದನ್ನು ಯಾರೂ ಕೇಳಿರಲಿಲ್ಲ. ಪೊಲೀಸ್ ಅಂಕಲ್ ಕೂಡ.

“ಶೂ ಅದಲುಬದಲು ಹಾಕ್ಕೊಂಡಿದ್ದ, ಪೆದ್ದ.” ಅವಳಿಗೆ ಇನ್ನೇನು ನಗು ಬರುವುದರಲ್ಲಿತ್ತು. “ಯಾವಾಗ್ಲೂ ನನ್ನ ಹಿಂದೇನೇ ಬರ್ತಿದ್ದ. ಅದಕ್ಕೇ ‘ಬಾಲ’ ಅಂತಿದ್ದೆ. ರೋಡಲ್ಲಿ ‘ಬಾಲಾ, ಕೈ ಕೊಡು’ ಅಂದೆ. ‘ನಿಂಗೆ ಕೊಟ್ರೆ ನಾನು ಯಾವುದ್ರಲ್ಲಿ ತಿನ್ಲಿ?’ ಅಂದ. ಗಟ್ಟಿಯಾಗೇ ಹಿಡ್ಕೊಂಡಿದ್ದೆ ಆಂಟಿ. ‘ನೋಯತ್ತೆ ಅಕ್ಕಾ’ ಅಂದ. ಆ ಕಡೆ ಒಂದು ನಾಯಿ. ಗಾಯ ನೆಕ್ಕಬಾರ್ದು ಅಂತ ಅದರ ಕುತ್ತಿಗೆಗೆ ಆಲಿಕೆ ಥರದ ಪ್ಲಾಸ್ಟಿಕ್ ಕಟ್ಟಿದ್ರು. ‘ಅಕ್ಕಾ, ನಾಯಿ ಲ್ಯಾಂಪ್ ಹಾಕ್ಕೊಂಡಿದೆ!’ ಅಂತ ಕುಣಿದ. ನಗ್ತಾ ನಗ್ತಾ ಕೊಸರ್ಕೊಂಡು ಕೈ ಬಿಟ್ಟ...”

ಮಾತು ಅಲ್ಲೇ ನಿಂತಿತು.

‘ಬಿಟ್ಟೆ’ ಅನ್ನಬೇಕಿತ್ತು. ಮನಸ್ಸಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ನಾಯಿ, ನಗು, ಕೊಸರಾಟ... ಬಿಟ್ಟ. ಎಷ್ಟು ಸಲ ಹೇಳಿದರೂ ಅದು ‘ಬಿಟ್ಟೆ’ ಆಗಲೊಲ್ಲದು.



“ಹಾಗಾದ್ರೆ ತಪ್ಪು ಅವನದ್ದಾ?” ಅವಳಿಗೆ ರೇಗಿಹೋಯಿತು. “ಅವನ್ಮೇಲೆ ಹಾಕ್ಬೇಡಿ! ಅವನು ಚಿಕ್ಕೋನು ಆಂಟಿ. ಚಿಕ್ಕೋರಿಗೆ ಏನ್ ಗೊತ್ತಾಗತ್ತೆ?”

“ಹೂಂ,” ಅಂದರು ಪಾಸ್ಟರಮ್ಮ. ಅವಳನ್ನೇ ನೋಡುತ್ತಾ ಮತ್ತೆ ಹೇಳಿದರು: “ಚಿಕ್ಕೋರಿಗೆ ಏನ್ ಗೊತ್ತಾಗತ್ತೆ.”

ಅವಳು ತಲೆ ತಗ್ಗಿಸಿದಳು. ಕೂತಿದ್ದು ದೊಡ್ಡವರ ಕುರ್ಚಿಯಲ್ಲಿ. ಅವಳ ಕಾಲೆರಡೂ ನೆಲಕ್ಕೆ ಎಟುಕದೆ ಗಾಳಿಯಲ್ಲಿ ನೇತಾಡುತ್ತಿದ್ದವು.