ಕೆಂಪು ಕಾರ್ಡಿನ ಹಾಡು

ಚರ್ಚಿನ ಕೀಬೋರ್ಡಿನಲ್ಲಿ ಕುಣಿಯುವಂಥ ರಾಗ ಬರುತ್ತಿತ್ತು. ಆದರೆ ನಡುವಿನ ಬೆಂಚುಗಳವರು ಮಣ್ಣು ಮಾಡುವಾಗ ಹಾಡುವ ಹಾಡನ್ನು ಎಳೆದೆಳೆದು ಹಾಡತೊಡಗಿದರು.

ಕೀಬೋರ್ಡ್ ನುಡಿಸುತ್ತಿದ್ದ ಹಲ್ಲಿನ ಡಾಕ್ಟರ್ ಗಾಬರಿಯಾಗಿ ಹಿಂದೆ ತಿರುಗಿದರು. "ಯಾರು ಹೋಗ್ಬಿಟ್ರು?" ಎಂದು ಯಾರೋ ಪಿಸುಗುಟ್ಟಿದರು. ಎಡಗಡೆ ಬೆಂಚಿನವರು ಕೆಂಪು ಪುಸ್ತಕ ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿದ್ದರು.

ಪಟಾಕಿ ಎಂಬ ಹುಡುಗಿ ಗೋಡೆಯ ಮೇಲಿನ ಹಾಡಿನ ಬೋರ್ಡ್ ನೋಡಿದಳು. ಎರಡನೇ ಸಾಲಿನಲ್ಲಿ ೨೧೪ ಎಂದು ಹಸಿರು ಕಾರ್ಡು ತೂಗುತ್ತಿತ್ತು. ಅದು ಕೆಂಪು ಕಾರ್ಡು ಆಗಬೇಕಿತ್ತು!

ಆ ಚರ್ಚಿಗೆ ಮೂರು ಭಾಷೆಯವರು ಬರುತ್ತಿದ್ದರು. ನಡುವೆ ಕೂರುವವರದು ಹಸಿರು ಹಾಡಿನ ಪುಸ್ತಕ, ಎಡಗಡೆಯವರದು ಕೆಂಪು, ಬಲಗಡೆಯವರದು ನೀಲಿ. ಭಾನುವಾರದ ಪೂಜೆಯಲ್ಲಿ ಒಂದೊಂದು ಭಾಷೆಯವರಿಗೆ ಒಂದೊಂದು ಹಾಡು. ಯಾವ ಬಣ್ಣದ ಕಾರ್ಡು ತೂಗುತ್ತದೋ ಆ ಪುಸ್ತಕದವರು ಹಾಡಬೇಕು, ಉಳಿದವರು ಸುಮ್ಮನೆ ಕೇಳಬೇಕು.

ಪಟಾಕಿ ಐದನೇ ಕ್ಲಾಸು. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾದ್ದರಿಂದ ಆ ಹೆಸರು. ಚರ್ಚಿನಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿತ್ತು. ಅಜ್ಜಿ ಪೀಠದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಅಣ್ಣ ಮೇಣದಬತ್ತಿ ಹಚ್ಚುತ್ತಿದ್ದ. ಬಸ್ ಡ್ರೈವರ್ ಅಂಕಲ್ ಬಾಗಿಲಲ್ಲಿ ನಿಂತು ಬಂದವರಿಗೆ ಜಾಗ ತೋರಿಸುತ್ತಿದ್ದರು. ತನಗೂ ಏನಾದರೂ ಕೊಡಿ ಎಂದು ಆರು ತಿಂಗಳು ಪ್ರಾಣ ತಿಂದ ಮೇಲೆ ಪಟಾಕಿಗೆ ಈ ಬೋರ್ಡಿನ ಕೆಲಸ ಸಿಕ್ಕಿತ್ತು.

ಪೂಜೆ ಮುಗಿದ ಮೇಲೆ ಟೇಲರ್ ಮಾಮ ಬಂದರು. ಹಾಡುವ ತಂಡಕ್ಕೆ ಅವರೇ ಲೀಡರ್.

"ಏನಮ್ಮಾ ಇದು? ಕಾಣಿಕೆ ಕೊಡೋಕೆ ಬಂದವರನ್ನ ಸ್ಮಶಾನಕ್ಕೆ ಕಳಿಸ್ಬಿಟ್ಯಲ್ಲ!"

"ಮಾಮಾ, ಚೀಟೀಲಿ ನಂಬರ್ ಮಾತ್ರ ಇತ್ತು. ಬಣ್ಣ ಬರ್ದೇ ಇರ್ಲಿಲ್ಲ."

"ಕೇಳೋಕೆ ಬಾಯಿ ಇರ್ಲಿಲ್ವಾ? ಊರಿಗೆಲ್ಲಾ ಇದೆ, ಇದಕ್ಕೆ ಇಲ್ವಾ?"

ಪಟಾಕಿ ತಲೆ ತಗ್ಗಿಸಿದಳು. ಕೇಳಿದರೆ ಇವಳಿಗೇನೂ ಬರುವುದಿಲ್ಲ ಅಂದುಕೊಳ್ಳುತ್ತಾರೆಂದು ಅವಳು ಕೇಳಿರಲಿಲ್ಲ. ತನ್ನ ಪುಸ್ತಕ ಹಸಿರು, ಹಾಗಾಗಿ ಹಸಿರನ್ನೇ ತೂಗುಹಾಕಿದ್ದಳು.

"ಮುಂದಿನ ಭಾನುವಾರ ಬಿಷಪ್ ಬರ್ತಿದ್ದಾರೆ. ಅವತ್ತೂ ಹೀಗಾದ್ರೆ ನಮ್ಮ ಮಾನ ಮೂರು ಕಾಸಿಗೆ ಹರಾಜು. ಕೊಡು ಆ ಕಾರ್ಡಿನ ಡಬ್ಬಾನ."

ಡಬ್ಬ ಕೈಬಿಟ್ಟು ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಬಾಗಿಲ ಬಳಿ. ಎಡಗಡೆ ಬೆಂಚಿನ ಒಬ್ಬ ಮುದುಕಿ ಕೆಂಪು ಪುಸ್ತಕವನ್ನು ಚೀಲಕ್ಕೆ ಹಾಕುತ್ತಾ, "ವಾರಕ್ಕೆ ಇರೋದೇ ಒಂದು ಹಾಡು. ಅದೂ ಇಲ್ಲ ಅಂದ್ರೆ..." ಎಂದು ಬಸ್ ಡ್ರೈವರಿಗೆ ಹೇಳುತ್ತಿದ್ದರು. ಪಟಾಕಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಶನಿವಾರ ಅಜ್ಜಿಯ ಜೊತೆ ಚರ್ಚಿನ ಪಕ್ಕದ ಕೋಣೆಯಲ್ಲಿ ಅವಳು ಮುಖ ಊದಿಸಿಕೊಂಡು ಕೂತಿದ್ದಳು. ಅಜ್ಜಿ ಇಸ್ತ್ರಿ ಹಾಕುತ್ತಿದ್ದರು. ಬಲಗಡೆ ಬೆಂಚಿನ ನರ್ಸ್ ಆಂಟಿ ಬಟ್ಟೆ ಮಡಚುತ್ತಿದ್ದರು. ಆಚೆ, ಹಾಡುವ ತಂಡ ಸೇರಿದ್ದ ಹಾಲ್‌ನಲ್ಲಿ ಜೋರು ಜಗಳ. ಬಿಷಪ್ ಎದುರು ಕೊನೆಗೆ ಎಲ್ಲರೂ ಸೇರಿ ಒಂದೇ ಹಾಡು ಹಾಡಬೇಕಂತೆ. ಆದರೆ ಅದು ಯಾರ ಭಾಷೆಯದು?

"ನಮ್ದು!"

"ನಿಮ್ದೇ ಯಾಕೆ? ನಾವೇನು ಲೆಕ್ಕಕ್ಕಿಲ್ವಾ?"

"ತಲೆ ಸಿಡೀತಿದೆ ನಂಗೆ!" ಇದು ಟೇಲರ್ ಮಾಮ.

ನರ್ಸ್ ಆಂಟಿ ಮಾತ್ರ ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು. ಅಜ್ಜಿಯ ಕೈ ನಿಂತಿತು.

"ಇದು ನಮ್ಮ ಹಾಡಲ್ವಾ? ನಿಂಗೆ ಹೇಗೆ ಬಂತು?"

"ನಿಮ್ದಾ? ನಮ್ಮಮ್ಮ ನನ್ನ ತೊಟ್ಟಿಲು ತೂಗ್ತಾ ಹಾಡ್ತಿದ್ದಿದ್ದು ಅಜ್ಜೀ ಇದು!"

"ನಾನು ನಿಮ್ಮಮ್ಮನಿಗಿಂತ ದೊಡ್ಡವಳು ಕಣೇ."

"ಅಜ್ಜೀ, ಹೊಗೆ!" ಪಟಾಕಿ ಚೀರಿ ಇಸ್ತ್ರಿಪೆಟ್ಟಿಗೆ ಎತ್ತಿದಳು. ಎತ್ತುತ್ತಿದ್ದ ಹಾಗೇ ಅವಳ ಕಣ್ಣು ಅರಳಿತು. ಪದ ಬೇರೆ, ರಾಗ ಒಂದೇ!

"ಅಜ್ಜಿ, ಹಸಿರಲ್ಲಿ ನಂಬರೆಷ್ಟು?"

"ಎಂಬತ್ತೆಂಟು. ಹಳೇದು, ಈಗ ಯಾರೂ ಹಾಡಲ್ಲ."

"ಆಂಟಿ, ನೀಲೀಲಿ?"

"ಮೂವತ್ತೊಂದು. ಯಾಕೆ ಪುಟ್ಟಾ?"

ಉತ್ತರ ಕೊಡಲು ಅವಳು ಅಲ್ಲಿ ಇದ್ದರೆ ತಾನೇ. ಅವಳು ಬಸ್ ಡ್ರೈವರ್ ಅಂಕಲ್ ಮುಂದೆ ಹೋಗಿ ನಿಂತಾಗಿತ್ತು. ಅವರು ಬೆಂಚು ಒರೆಸುತ್ತಿದ್ದರು. ಅವರದು ಕೆಂಪು ಪುಸ್ತಕ. ಹೋದ ವಾರದ್ದು ನೆನಪಾಗಿ ಪಟಾಕಿಗೆ ಮಾತಾಡಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಮೊದಲ ಸಾಲಿನ ರಾಗವನ್ನಷ್ಟೇ ಗುನುಗಿದಳು.

ಎರಡನೇ ಸಾಲನ್ನು ಬಸ್ ಡ್ರೈವರ್ ಹಾಡಿದರು, ತಮ್ಮ ಭಾಷೆಯಲ್ಲಿ.

"ನಮ್ಮಪ್ಪನ ಹಾಡು ಇದು," ಎಂದರು. ಅವರ ದನಿ ಯಾಕೋ ಒದ್ದೆಯಾಗಿತ್ತು. "ನೂರ ನಲವತ್ತೆರಡು. ನಿಂಗ್ಯಾರು ಕಲ್ಸಿದ್ದು?"

ಪಟಾಕಿ ಹಾಲ್‌ಗೆ ನುಗ್ಗಿದಳು. "ಮಾಮಾ! ಒಂದೇ ಹಾಡು, ಮೂರು ಪುಸ್ತಕದಲ್ಲೂ ಇದೆ! ಎಂಬತ್ತೆಂಟು, ನೂರ ನಲವತ್ತೆರಡು, ಮೂವತ್ತೊಂದು!"

"ನೀನು ಮತ್ತೆ ನಂಬರ್ ಹೇಳೋಕೆ ಬಂದ್ಯಾ?" ಎಂದರು ಟೇಲರ್ ಮಾಮ.

"ಈ ಸಲ ಕೇಳ್ಕೊಂಡು ಬಂದಿದ್ದೀನಿ ಮಾಮಾ. ಮೂರೂ ಕಡೆ."

ಹಲ್ಲಿನ ಡಾಕ್ಟರ್ ಕೀಬೋರ್ಡಿನ ಮೇಲೆ ಬೆರಳಾಡಿಸಿದರು. ಈಗಷ್ಟೇ ಕಚ್ಚಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹಾಡತೊಡಗಿದರು. ಹಾಡು ಮುಗಿದಾಗ ಟೇಲರ್ ಮಾಮ ಮೇಜಿನ ಮೇಲಿದ್ದ ಕಾರ್ಡಿನ ಡಬ್ಬವನ್ನು ಪಟಾಕಿಯ ಕಡೆ ತಳ್ಳಿದರು.

ಭಾನುವಾರ ಬೋರ್ಡಿನ ಕೊನೆಯ ಸಾಲಿನಲ್ಲಿ ಹಸಿರು, ಕೆಂಪು, ನೀಲಿ ಕಾರ್ಡುಗಳು ಮೊದಲ ಸಲ ಅಕ್ಕಪಕ್ಕ ತೂಗಿದವು. ಜನ ಎದ್ದು ನಿಂತರು. ಸುಮ್ಮನೆ ಕೇಳುವವರು ಅವತ್ತು ಯಾರೂ ಇರಲಿಲ್ಲ! ಎಡಗಡೆ, ನಡುವೆ, ಬಲಗಡೆ, ಇಡೀ ಚರ್ಚು ಒಂದೇ ಉಸಿರಿಗೆ ಹಾಡಿತು. ಕಿಟಕಿಯ ಗಾಜುಗಳು ಗುಂಯ್ ಎಂದವು. ಟೇಲರ್ ಮಾಮ ಕೈ ಆಡಿಸುವುದನ್ನೇ ಮರೆತು ನಿಂತುಬಿಟ್ಟರು. ಬಿಷಪ್ ಕೂಡ ಹಾಡುತ್ತಿದ್ದರು, ಆದರೆ ಯಾವ ಭಾಷೆಯಲ್ಲಿ ಎಂದು ಆ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಪಟಾಕಿ ಅಳುತ್ತಲೂ ನಗುತ್ತಲೂ ಗಂಟಲು ಹರಿಯುವಂತೆ ಹಾಡಿದಳು.

ಮುಂದಿನ ವಾರ ಟೇಲರ್ ಮಾಮ ಕೊಟ್ಟ ಚೀಟಿಯಲ್ಲಿ ನಂಬರುಗಳ ಪಕ್ಕ ಬಣ್ಣವನ್ನೂ ದಪ್ಪ ಅಕ್ಷರದಲ್ಲಿ ಬರೆದಿತ್ತು. ಆದರೂ ಪಟಾಕಿ ಬೋರ್ಡಿನ ಹತ್ತಿರ ಹೋಗಲಿಲ್ಲ. ಸೀದಾ ಎಡಗಡೆ ಬೆಂಚಿಗೆ, ಕೆಂಪು ಪುಸ್ತಕದ ಮುದುಕಿಯ ಬಳಿಗೆ ಹೋದಳು.

"ಅಜ್ಜಿ, ಇವತ್ತು ನಿಮ್ದು ಇನ್ನೂರ ಹದಿನಾಲ್ಕು. ಅದು ಹೇಗಿದೆ, ಸ್ವಲ್ಪ ಹಾಡಿ ತೋರಿಸ್ತೀರಾ?"

ಮುದುಕಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಹಾಡಿದರು. ಪಟಾಕಿ ನಡುವೆ ಒಂದೂ ಮಾತಾಡದೆ ಕೊನೆಯ ಸಾಲಿನವರೆಗೂ ಕೇಳಿದಳು. ಆಮೇಲೆ ಎದ್ದು ಹೋಗಿ ಕೆಂಪು ಕಾರ್ಡು ತೂಗುಹಾಕಿದಳು.