ವೌಚ್ ಅಂದರೆ ಕಾವಲಲ್ಲ

“ನನ್ನ ನೋಡೂದು ಬಿಟ್ಟು ನಿಮ್ಮ ಕೆಲಸಾ ನೋಡ್ಕೋರಿ.”

ಮೇಘಶ್ರೀ ಎಷ್ಟು ಗಟ್ಟಿಯಾಗಿ ಅಂದಳೆಂದರೆ, ರಕ್ತ ಪರೀಕ್ಷೆಗೆ ಬಂದು ಕೂತಿದ್ದವರೆಲ್ಲ ತಲೆ ಎತ್ತಿದರು. ಎದುರಿಗಿದ್ದ ಚನ್ನವೀರನ ಮುಖ ಚಿಕ್ಕದಾಯಿತು.

“ಲೇಬಲ್ ರೋಲ್ ಕೊಡೋಕೆ ಬಂದೆ, ಅಷ್ಟೇ.”

“ಇಟ್ಟು ಹೋಗ್ರಿ.”

ಇಟ್ಟು ಹೋದ. ಜಯನಗರದ ಆ ಲ್ಯಾಬಿನಲ್ಲಿ ಮೂರು ತಿಂಗಳಿಂದ ಜೊತೆಗೆ ಕೆಲಸ ಮಾಡುತ್ತಿದ್ದರೂ, ಇಬ್ಬರೂ ಮುಖ ಕೊಟ್ಟು ಮಾತಾಡಿದ್ದು ಇದೇ ಮೊದಲು. ಎಂಥ ಚಂದದ ಆರಂಭ ನೋಡಿ!

ಅವಳ ಸಿಟ್ಟಿಗೆ ಕಾರಣವಿತ್ತು. ಹಿಂದಿನ ವಾರ ಇಬ್ಬರು ರೋಗಿಗಳ ರಕ್ತದ ಟ್ಯೂಬುಗಳಿಗೆ ಲೇಬಲ್ ಅದಲುಬದಲಾಗಿತ್ತು. ಗದಗಿನಿಂದ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಈ ಹೊಸ ಹುಡುಗಿಯ ಕಡೆಗೇ ಎಲ್ಲರೂ ಬೆರಳು ತೋರಿಸಿದರು. ಅವಳಿಗಿನ್ನೂ ಕೆಲಸ ಕಾಯಂ ಆಗಿರಲಿಲ್ಲ. ಲೇಬಲ್ ತಪ್ಪು ಹಚ್ಚಿದವಳು ಅಂತ ಹೆಸರು ಬಿದ್ದರೆ ಬೇರೆ ಯಾವ ಲ್ಯಾಬಿನವರು ಒಳಗೆ ಸೇರಿಸುತ್ತಾರೆ?

ಲೇಬಲ್ ಅದಲುಬದಲಾದ ದಿನ ಸಂಜೆ ಅವಳು ಮ್ಯಾನೇಜರ್ ಗಿರಿಜಾದೇವಿಯ ಕ್ಯಾಬಿನ್ ಹೊರಗೆ ನಿಂತಿದ್ದಳು. ಒಳಗಿನಿಂದ ಸೀನಿಯರ್ ಟೆಕ್ನಿಷಿಯನ್ ಚನ್ನವೀರನ ದನಿ ಕೇಳಿಸಿತು.

“ಐ ವಿಲ್ ವಾಚ್ ಫಾರ್ ಹರ್, ಮೇಡಂ.”

ಅವಳ ಕಿವಿಗೆ ಬಿದ್ದದ್ದು ಹಾಗೆ. ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ, ವಾಚ್ ಗೊತ್ತು, ವಾಚ್‌ಮನ್ ಗೊತ್ತು. ಇನ್ನೇನು ಬೇಕು?

‘ನನಗ ಕಾವಲು ಹಾಕ್ಯಾರ… ನಾ ಏನು ಕಳ್ಳಿ ಏನು?’

ಆಮೇಲೆ ಅವನು ಕೌಂಟರ್ ಹತ್ತಿರ ಸುಳಿದಾಗಲೆಲ್ಲ ಅವಳ ಮೈ ಉರಿಯಿತು. ಅವನು ಕುರ್ಚಿ ಕೊಟ್ಟರೆ ನಿಂತೇ ಕೆಲಸ ಮಾಡಿದಳು. ಕಾಫಿ ತರಿಸಿದರೆ ಆಯಾ ಸೀತಮ್ಮನಿಗೆ ಕೊಟ್ಟಳು. ಅವನು ‘ಗುಡ್ ಮಾರ್ನಿಂಗ್’ ಅಂದರೆ ಗೋಡೆ ನೋಡಿದಳು. ಪಾಪ, ಅವನಿಗೆ ತಾನೇನು ತಪ್ಪು ಮಾಡಿದೆನೆಂದೇ ತಿಳಿಯಲಿಲ್ಲ.

ಮೂರನೇ ವಾರ ಅವಳು ರಾಜೀನಾಮೆ ಬರೆದು ಗಿರಿಜಾದೇವಿಯ ಮುಂದಿಟ್ಟಳು.

“ಚನ್ನವೀರ ಅವರು ನನ್ನ ಮೇಲೆ ಕಣ್ಣಿಟ್ಟಿರುವುದರಿಂದ…” ಗಿರಿಜಾದೇವಿ ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು. “ಏನಮ್ಮ ಇದು?”

“ಅವತ್ತು ಕೇಳಿಸ್ಕೊಂಡೇನ್ರಿ ಮೇಡಂ. ವಾಚ್ ಮಾಡ್ತೇನಿ ಅಂದ್ರಲ್ಲ ಅವರು.”

“ವಾಚ್ ಅಲ್ಲ. ವೌಚ್. ವೌಚ್ ಫಾರ್ ಹರ್ ಅಂದ.”

“ಹಂಗಂದ್ರ?”

“ನೀನು ಬಿಟಿಎಂನಲ್ಲಿ ರೂಮು ಹುಡುಕ್ದಾಗ ಓನರ್ ಹತ್ರ ಯಾರಾದ್ರೂ ಬಂದು, ಈ ಹುಡುಗಿ ನಂಗೆ ಗೊತ್ತು, ಒಳ್ಳೆಯವಳು, ಏನಾದ್ರೂ ಆದ್ರೆ ನನ್ನ ಕೇಳಿ ಅಂದಿದ್ರಾ?”

“ಯಾರೂ ಇರಲಿಲ್ರಿ.” ಐದು ಮನೆಯವರು ಬಾಗಿಲಲ್ಲೇ ಇಲ್ಲ ಅಂದಿದ್ದು ಅವಳಿಗೆ ನೆನಪಾಯಿತು.

“ಹಾಗೆ ಹೇಳೋದಕ್ಕೇ ವೌಚ್ ಅನ್ನೋದು. ಅವಳು ಹೆಸರು ಎರಡೆರಡು ಸಲ ಓದದೆ ಲೇಬಲ್ ಹಚ್ಚಲ್ಲ, ನಾನು ಹೊಣೆ ಅಂದ ಅವನು. ಇನ್ನೊಂದು ತಪ್ಪಾದ್ರೆ ಇಬ್ಬರನ್ನೂ ಕಳಿಸ್ತೀನಿ ಅಂದೆ. ಒಪ್ಕೊಂಡ. ಈಗ ನೀನೇ ಬಿಟ್ಟು ಹೋದ್ರೆ ತಪ್ಪು ನಿನ್ನದೇ ಅಂತಾಗುತ್ತೆ. ಅವನ ಮಾತಿಗೆ ಏನು ಬೆಲೆ ಉಳಿಯುತ್ತೆ, ಹೇಳು?”

ಮೇಘಶ್ರೀ ಕಾಗದವನ್ನು ವಾಪಸ್ ತಗೊಂಡು ನಾಲ್ಕು ಚೂರು ಮಾಡಿದಳು. ನಾಚಿಕೆ, ಸಂಕಟ, ಹೇಳಲಾಗದ ಒಂದು ಸಂತೋಷ… ಮೂರೂ ಒಟ್ಟಿಗೆ ನುಗ್ಗಿ ಅಳು ಬಂತು.

ಚನ್ನವೀರ ಕೆಳಗೆ ಗಾಡಿ ತೆಗೆಯುತ್ತಿದ್ದ. ಅವಳು ಮೆಟ್ಟಿಲಿಳಿದು ಓಡಿ ಬಂದಳು.

“ನನಗ ಯಾಕ ಹೇಳಲಿಲ್ರಿ?”

ಏನೆಂದು ಅವನು ಕೇಳಲಿಲ್ಲ. ಅವಳ ಕೆಂಪು ಕಣ್ಣು ನೋಡಿಯೇ ಅರ್ಥವಾಯಿತು.

“ಹೇಳಿದ್ರೆ ಉಪಕಾರ ಮಾಡ್ದಂಗೆ ಆಗ್ತಿತ್ತು. ಆಮೇಲೆ ನೀವು ನನ್ನ ಹತ್ರ ನಕ್ರೂ, ಋಣಕ್ಕೆ ನಕ್ಕಿದ್ದೋ ಏನೋ ಅಂತ ನಂಗೆ ಅನುಮಾನ ಬರ್ತಿತ್ತು.”

“ನೀವು ನನಗ ಕಾವಲು ನಿಂತೀರಿ ಅನ್ಕೊಂಡು ನಾ ಎಷ್ಟು ಅಂದೆ ನಿಮಗ…”

“ತುಂಬಾ ಅಂದ್ರಿ. ನೋವಾಯ್ತು, ಸುಳ್ಳು ಹೇಳಲ್ಲ.”

“ತಪ್ಪಾತ್ರಿ.” ಅವಳು ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. “ಆದ್ರ ಒಂದು ಕೇಳ್ತೇನಿ. ಕಾವಲಿಗೆ ಅಲ್ಲಂದ್ರ, ದಿನಾ ನನ್ನ ಕೌಂಟರ್ ಹಂತೇಕ ಯಾಕ ಬಂದು ನಿಂದರತಿದ್ರಿ?”

ಚನ್ನವೀರ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ದಾಟಿಸಿದ. ಕಿವಿಯವರೆಗೆ ಕೆಂಪಾಗಿದ್ದ.

“ಅದು… ನಿಮ್ಮನ್ನ ನೋಡೋಕೇನೇ. ನೀವು ಬಂದ ಮೊದಲನೇ ವಾರದಿಂದಾನೂ. ಬೇಡ ಅಂದ್ರೆ ನಾಳೆಯಿಂದ ಆ ಕಡೆ ಬರಲ್ಲ.”

ಮೇಘಶ್ರೀ ತಲೆ ತಗ್ಗಿಸಿದಳು. ಮೆಲ್ಲಗೆ ಅಂದಳು:

“ಬರ್ರಿ. ಆದ್ರ ದೂರ ನಿಂದರಬ್ಯಾಡ್ರಿ.”