ಇವತ್ತ ಗುಡ್ಡ ಬ್ಯಾಡ

"ಛತ್ರಿ ಬಿಡ್ರಿ!"

ಸುಮೇಧಾ ಬಿಡಲಿಲ್ಲ. ಯಾಕೆ ಬಿಡಬೇಕು? ಮೇ ತಿಂಗಳ ಮೊದಲ ಹನಿಗಳು ಆಗಷ್ಟೇ ಬೀಳುತ್ತಿದ್ದವು. ಗುಡ್ಡದ ನೆತ್ತಿಯ ಮೇಲೆ ಮರೆಗೆ ಒಂದು ಗಿಡವೂ ಇರಲಿಲ್ಲ.

ಕೂಗಿದ ಗಂಡಸು ಓಡಿ ಬಂದವನೇ ಅವಳ ಕೈಯಿಂದ ಛತ್ರಿ ಕಿತ್ತುಕೊಂಡು ಕೆಳಗಿನ ಪೊದೆಗೆ ಎಸೆದ. ಎಲ್ಲರಿಗೂ ಕುಕ್ಕರಗಾಲಿನಲ್ಲಿ ಕೂರಲು ಹೇಳಿದ. ಅವಳು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಎದುರಿನ ದಿಬ್ಬದ ಮೇಲೆ ಸಿಡಿಲು ಬಿತ್ತು. ಕಣ್ಣು ಕತ್ತಲಾಯಿತು. ಕಾಲ ಕೆಳಗಿನ ಕಲ್ಲು ನಡುಗಿತು.

ಅವನೇ ಮಾಲತೇಶ. ಹಿರೇಕೆರೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಭಾನುವಾರಗಳಲ್ಲಿ ಮಾಸೂರಿನ ಮದಗದ ಕೆರೆಯ ಮೇಲಿನ ಗುಡ್ಡಗಳಿಗೆ ಒಂದು ಗುಂಪು ಕಟ್ಟಿಕೊಂಡು ಹೋಗುತ್ತಿದ್ದ. ಸುಮೇಧಾ ಹಿರೇಕೆರೂರಿನದೇ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ತವರು ಸವಣೂರು, ಇರುವುದು ಅವ್ವನ ತಂಗಿ ಇಂದಿರಾಬಾಯಿ ಮೌಶಿಯ ಮನೆಯಲ್ಲಿ. ಅಂದು ಸಹೋದ್ಯೋಗಿ ಶೀಲಾ ಅವಳನ್ನು ಬಲವಂತವಾಗಿ ಗುಡ್ಡಕ್ಕೆ ಕರೆತಂದಿದ್ದಳು.

ಮರುದಿನ ಮಾಲತೇಶ ಕಾಲೇಜಿನ ಗೇಟಿನ ಬಳಿ ಛತ್ರಿ ಹಿಡಿದು ನಿಂತಿದ್ದ. ಬಾಗಿದ ಕಡ್ಡಿ ನೆಟ್ಟಗಾಗಿತ್ತು. ಕೂಗಿದ್ದಕ್ಕೆ ಕ್ಷಮೆ ಕೇಳಿದ. ಎಸೆದದ್ದಕ್ಕೆ ಕೇಳಲಿಲ್ಲ.

ಅದು ಅವಳಿಗೆ ಹಿಡಿಸಿತು.

ಮುಂಗಾರಿನಲ್ಲಿ ದಾರಿ ಜಾರುತ್ತದೆಂದು ಗುಂಪು ಗುಡ್ಡ ಹತ್ತಲಿಲ್ಲ. ಆದರೆ ಇಬ್ಬರೂ ಭೇಟಿಯಾಗುತ್ತಿದ್ದರು. ಸಂಜೆ ಊರ ಕೆರೆಯ ಏರಿಯ ಮೇಲೆ ನಡಿಗೆ, ಒಂದು ಚಹಾ, ಮುಗಿಯದ ಮಾತು... ಪ್ರೀತಿ ಎಂಬ ಪದವನ್ನು ಮಾತ್ರ ಇಬ್ಬರೂ ಆಡಿರಲಿಲ್ಲ.

ದಸರೆ ಬಂತು, ಗುಡ್ಡದ ದಾರಿ ಒಣಗಿತು.

ಅಕ್ಟೋಬರಿನ ಆಕಾಶವನ್ನು ನಂಬುವಂತಿಲ್ಲ. ಬೆಳಿಗ್ಗೆ ಕೆರೆಯ ತುಂಬ ಮಂಜು. ಅದು ಕರಗಿದರೆ ತೊಳೆದಿಟ್ಟಂಥ ನೀಲಿ. ಮಧ್ಯಾಹ್ನ ನೋಡನೋಡುತ್ತ ಮೋಡ ಎದ್ದು ಗುಡುಗುತ್ತದೆ. ಅದಕ್ಕೇ ಗುಂಪಿನಲ್ಲಿ ಒಂದು ರೂಢಿಯಿತ್ತು. ಬರುವವರು ಶನಿವಾರವೇ ವಾಟ್ಸಾಪಿನಲ್ಲಿ ಹೆಸರು ಹೇಳಬೇಕು. ಭಾನುವಾರ ನಸುಕಿನಲ್ಲಿ ಮಾಲತೇಶ ಮಾಳಿಗೆ ಹತ್ತಿ ಆಕಾಶ ನೋಡಿ, ಹೋಗುವುದೋ ಬೇಡವೋ ತಿಳಿಸುತ್ತಾನೆ. ಅವನ ಮಾತೇ ಕೊನೆ.

ಸುಮೇಧಾ ಹೆಸರು ಹೇಳಿದಳು. ಬೆಳಿಗ್ಗೆ ಸಂದೇಶ ಬಂತು. "ಇವತ್ತ ಗುಡ್ಡ ಬ್ಯಾಡ. ಮೋಡ ಕಟ್ಟೂ ಲಕ್ಷಣ ಐತಿ."

ಅಂದು ಒಂದು ಹನಿಯೂ ಬೀಳಲಿಲ್ಲ.

ಮುಂದಿನ ವಾರವೂ ಅಷ್ಟೇ. ಅದರ ಮುಂದಿನ ವಾರ ಅವಳು ಸವಣೂರಿಗೆ ಹೋಗಿದ್ದಳು. ಗುಂಪು ಗುಡ್ಡ ಹತ್ತಿತ್ತು! ಫೋಟೋದಲ್ಲಿ ಶೀಲಾ ಅವನ ಪಕ್ಕದಲ್ಲೇ ನಿಂತು ನಗುತ್ತಿದ್ದಳು. ಸುಮೇಧಾ ಫೋಟೋವನ್ನು ಹಿಗ್ಗಿಸಿ ನೋಡಿದಳು. ಅವರ ಹಿಂದೆ ಮೋಡವಿತ್ತು. ಸಾಕಷ್ಟು ಮೋಡವಿತ್ತು.

ಹಾಗಾದರೆ ಆಕಾಶದ ನೆವ ಯಾರಿಗೆ? ನನಗೊಬ್ಬಳಿಗೇ?

ಸವಣೂರಿನಲ್ಲಿ ಅವ್ವ ಪದ್ಮಜಾ ಹುಬ್ಬಳ್ಳಿಯ ಒಂದು ಸಂಬಂಧದ ಮಾತು ತೆಗೆದಿದ್ದರು. ದೀಪಾವಳಿಯೊಳಗೆ ಉತ್ತರ ಬೇಕಂತೆ. ಬೇಡ ಎನ್ನಲು ಸುಮೇಧಾಳ ಬಳಿ ಇದ್ದ ಕಾರಣ ಒಂದೇ. ಆ ಕಾರಣ ಈಗ ಅವಳನ್ನು ದೂರ ಇಡುತ್ತಿತ್ತು.

ಮನೆಗೆ ಮರಳಿ, ಮಳೆ ಬರುವುದೋ ಇಲ್ಲವೋ ಎಂದು ಮೌಶಿಯನ್ನು ಕೇಳಿದಳು. ಈಗಿನ ಚಿತ್ತಾ ನಕ್ಷತ್ರದ ಮಳೆಗೆ ಪಂಚಾಂಗ ಕತ್ತೆಯನ್ನು ವಾಹನವೆಂದು ಹೇಳಿದೆ, ಕತ್ತೆ ಏರಿ ಬಂದ ಮಳೆ ಎಲ್ಲಿ ಸುರಿದೀತು ಎಂದರು ಮೌಶಿ. ಸುಮೇಧಾ ಇಂಥದ್ದನ್ನೆಲ್ಲ ಎಂದೂ ನಂಬಿದವಳಲ್ಲ. ಈಗ ನಂಬಿದಳು. ಅವಳ ಅನುಮಾನಕ್ಕೆ ಒಂದು ಸಾಕ್ಷಿ ಬೇಕಾಗಿತ್ತು.

ಆ ಶನಿವಾರ ಅವಳು ಹೆಸರು ಹೇಳಲಿಲ್ಲ. ಭಾನುವಾರ ಸಂದೇಶ ಬಂತು: "ಬರ್ರಿ."

ಅವಳು ಎದ್ದು ಬೂಟು ಹಾಕಿಕೊಂಡಳು.

ಮೊದಲ ಬಸ್ಸಿಗೇ ಮಾಸೂರಿಗೆ ಹೊರಟಳು. ಗುಡ್ಡದ ಬುಡ ಮುಟ್ಟಿದಾಗ ಕೆರೆಯ ಮಂಜು ಇನ್ನೂ ಕರಗಿರಲಿಲ್ಲ. ಮಾಲತೇಶ ಯಾರಿಗೋ ಬೂಟಿನ ಲಾಡಿ ಬಿಗಿಯಲು ಹೇಳುತ್ತಿದ್ದ. ತಿರುಗಿ ಅವಳನ್ನು ಕಂಡ. ಅವನ ಮುಖದ ಬಣ್ಣವೇ ಇಳಿಯಿತು. ಕಣ್ಣು ಪಶ್ಚಿಮದ ಕಡೆ ಹೋಯಿತು, ಅವಳ ಕಡೆ ಬಂತು, ಮತ್ತೆ ಪಶ್ಚಿಮಕ್ಕೆ ಹೋಯಿತು.

"ಇವತ್ತ ಬ್ಯಾಡ," ಅಂದ. "ಎಲ್ಲಾರೂ ತಿರುಗ್ರಿ."

ಗುಂಪು ಗೊಣಗಿತು. ಶೀಲಾ ಸೊಂಟದ ಮೇಲೆ ಕೈಯಿಟ್ಟಳು. "ಏನ್ರಿ ಸರ್, ನಿಮ್ಮ ಹವಾಮಾನ ಮಂದಿ ಮುಖ ನೋಡಿ ಬದಲಾಗ್ತೈತೇನು?"

ಕೆಲವರು ನಕ್ಕರು. ಸುಮೇಧಾ ನಗಲಿಲ್ಲ. ನೇರ ಅವನ ಮುಂದೆ ಹೋಗಿ ನಿಂತಳು. ಸಿಟ್ಟು ಬಂದಾಗ ಅವಳ ದನಿ ಸಣ್ಣದಾಗುತ್ತಿತ್ತು.

"ನಾ ಬರೋದು ನಿಮಗ ಬ್ಯಾಡಾಗಿದ್ರ ಬಾಯಿ ಬಿಟ್ಟು ಹೇಳ್ರಿ, ಸರ್. ಆಕಾಶದ ಮ್ಯಾಲ ಯಾಕ ಹಾಕ್ತೀರಿ?"

'ಸರ್' ಎಂದು ಅವಳು ಕರೆದು ತಿಂಗಳುಗಳಾಗಿದ್ದವು.

"ನಮ್ಮ ಮನ್ಯಾಗ ನನ್ನ ಉತ್ತರ ಕಾಯ್ಲಿಕ್ಕತ್ತಾರ. ನಿಮ್ಮ ಸಲುವಾಗಿ ನಾ ಇನ್ನೂ ಏನೂ ಹೇಳಿಲ್ಲ. ಅದಕ್ಕಾದ್ರೂ ಖರೇ ಹೇಳ್ರಿ."

ಮಾಲತೇಶ ಅವಳನ್ನು ಗುಂಪಿನಿಂದ ನಾಲ್ಕು ಹೆಜ್ಜೆ ದೂರ ಕರೆದುಕೊಂಡು ಹೋದ.

"ಅವತ್ತ ಸಿಡಿಲು ಬಿದ್ದಿದ್ದು ಎದುರಿನ ದಿಬ್ಬಕ್ಕ. ನಾ ಕಣ್ಣು ಮುಚ್ಚಿದ್ರ ಅದು ನಿಮ್ಮ ಛತ್ರಿ ಮ್ಯಾಲೇ ಬೀಳ್ತೈತಿ. ಇನ್ನೂ ಬೀಳಾಕತ್ತೈತಿ." ಅವನು ಗುಡ್ಡದ ನೆತ್ತಿಯ ಕಡೆ ನೋಡಿದ. "ನೀವು ಬರ್ತೇನಿ ಅಂದ ದಿನ ನನಗ ಬಿಳೇ ಮೋಡಾನೂ ಕರ್ರಗ ಕಾಣ್ತೈತಿ. ಉಳಿದ ದಿನ ಆಕಾಶ ನೋಡ್ತೇನಿ. ನೀವು ಇದ್ರ... ನನಗ ನೋಡಾಕ ಬರೂದಿಲ್ಲ."

ಸುಮೇಧಾ ಅವನ ಮುಖವನ್ನೇ ನೋಡಿದಳು. ಸುಳ್ಳು ಹುಡುಕುವುದು ಅವಳಿಗೆ ರೂಢಿ. ಕಣ್ಣಲ್ಲಿ, ತುಟಿಯ ಅಂಚಿನಲ್ಲಿ, ಬೆರಳುಗಳಲ್ಲಿ ಹುಡುಕಿದಳು...

ಸಿಗಲಿಲ್ಲ.

ಈಗ ಏನು ಕಾಣುತ್ತಿದೆ ಎಂದು ಮೆಲ್ಲಗೆ ಕೇಳಿದಳು. ತನಗೆ ತಿಳಿಯುತ್ತಿಲ್ಲ, ನೀವೇ ನೋಡಿ ಹೇಳಿ ಎಂದ. ಅವಳು ಪಶ್ಚಿಮಕ್ಕೆ ತಿರುಗಿದಳು. ಮಂಜು ಚದುರುತ್ತಿತ್ತು, ಆಚೆ ಆಕಾಶ ಖಾಲಿಯಾಗಿತ್ತು. ಗಾಳಿ ತಣ್ಣಗಿತ್ತು, ಬೆವರು ತರಿಸುವ ಕಾವಿರಲಿಲ್ಲ.

"ಹೋಗೋಣ," ಅಂದಳು. "ಊಟದ ಹೊತ್ತಿನೊಳಗ ಇಳಿದು ಬರೋಣ."

ಎಲ್ಲರೂ ಹತ್ತಿದರು. ಹುಲ್ಲಿನ ಇಬ್ಬನಿಗೆ ಬಟ್ಟೆಯ ಅಂಚುಗಳು ಒದ್ದೆಯಾದವು. ಅರ್ಧ ಗುಡ್ಡ ಏರಿದ ಮೇಲೆ ಮರೆಯಿಲ್ಲದ ಗುಡ್ಡದ ಬೆನ್ನು ಶುರುವಾಗುತ್ತದೆ. ದಾರಿ ನೋಡಲು ಮಾಲತೇಶ ಒಬ್ಬನೇ ಮುಂದೆ ಹೋದ. ಅಷ್ಟು ದೊಡ್ಡ ಆಕಾಶದ ಕೆಳಗೆ ಅವನು ಬೆರಳಷ್ಟು ಕಂಡ.

ಆಗ ಪಶ್ಚಿಮದಲ್ಲಿ ಒಂದು ಮೋಡ ತಲೆ ಎತ್ತಿತು. ಹಿಡಿ ಅರಳೆಯಷ್ಟು.

ಸುಮೇಧಾ ಗುಂಪು ಬಿಟ್ಟು ಮುಂದಾದಳು. ಓಡುತ್ತಲೇ ಹೋಗಿ ಅವನ ತೋಳು ಹಿಡಿದಳು.

"ಸಾಕು. ಇಳಿಯೋಣ ನಡೀರಿ."

ಅವನು ಹಣೆಗೆ ಕೈ ಅಡ್ಡ ಹಿಡಿದು ನೋಡಿದ. "ಅದು ಬಿಳೇ ಮೋಡ, ಸುಮೇಧಾ. ಅದರಾಗ ನೀರಿಲ್ಲ."

"ಗೊತ್ತದ."

"ಮತ್ತ?"

"ನೀವು ಒಬ್ಬರೇ ಮುಂದ ಹೊಂಟಿದ್ರಿ..." ಅವಳು ಅವನ ತೋಳು ಬಿಡಲಿಲ್ಲ. "ನನಗ ಕರ್ರಗ ಕಾಣ್ತು."

ಮಾಲತೇಶ ಅವಳ ಕೈಯ ಮೇಲೆ ತನ್ನ ಕೈ ಇಟ್ಟ. ಆಮೇಲೆ ಹಿಂದಿನವರಿಗೆ ಇಳಿಯಲು ಹೇಳಿದ. ಶೀಲಾ ಇಬ್ಬರನ್ನೂ ಒಟ್ಟಿಗೇ ಬೈದಳು, ದಾರಿಯುದ್ದಕ್ಕೂ ಬೈಯುತ್ತಲೇ ಇಳಿದಳು. ಆ ದಿನವೂ ಮಳೆ ಬರಲಿಲ್ಲ.

ಇಳಿಜಾರಿನಲ್ಲಿ ಅವನು ತಗ್ಗಿದ ದನಿಯಲ್ಲಿ ಕೇಳಿದ, "ಮನ್ಯಾಗ ಏನಂತ ಹೇಳ್ತೀರಿ?"

"ಖರೇನ ಹೇಳ್ತೀನಿ. ಹುಡುಗ ಹಿರೇಕೆರೂರಾಗ ಮಾಸ್ತರ ಇದ್ದಾನ, ಆಕಾಶ ನೋಡ್ಲಿಕ್ಕೆ ಬರೂದಿಲ್ಲ ಅಂತ."

"ಕಲೀತೇನಿ."

"ಬ್ಯಾಡ," ಅಂದಳು ಸುಮೇಧಾ. "ಕಲಿಯಬ್ಯಾಡ್ರಿ."